ಗಬೊರೋನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಸೆಟ್ಸ್ವಾನಾ ಭಾಷೆಯ ಪರಿಚಯ

ಉದ್ಯೋಗನಿಮಿತ್ತ ಬೋಟ್ಸ್ವಾನಾಕ್ಕೆ ಬಂದ ನಮ್ಮವರು ಮೊದಲ ವಾರದಲ್ಲೇ "ಇಲ್ಲಿ ಇಂಗ್ಲಿಷ್ ಸಾಕು" ಎಂದು ತೀರ್ಮಾನಿಸಿಬಿಡುತ್ತಾರೆ. ಇಂಗ್ಲಿಷ್ ಆಡಳಿತ ಭಾಷೆಯಾಗಿರುವುದರಿಂದ ಕಚೇರಿ, ಬ್ಯಾಂಕುಗಳ ಮಟ್ಟಿಗೆ ಅದು ಸರಿಯೇ. ಆದರೆ ರಾಷ್ಟ್ರಭಾಷೆ ಸೆಟ್ಸ್ವಾನಾ. ಅಂಗಡಿಗೆ ಹೋಗಿ ನೇರವಾಗಿ ಬೆಲೆ ಕೇಳಿದವನಿಗೂ, "ಡುಮೇಲಾ ಮ್ಮಾ" ಎಂದು ವಂದಿಸಿ ಮಾತು ತೆಗೆದವನಿಗೂ ಸಿಗುವ ಉತ್ತರದ ಧಾಟಿಯೇ ಬೇರೆ ಎಂಬುದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ಗಂಡಸರಿಗೆ "ರ್ರಾ", ಹೆಂಗಸರಿಗೆ "ಮ್ಮಾ", ಹಲವರಿದ್ದರೆ "ಡುಮೇಲಾಂಗ್". "ಒ ಕಾಯೆ?" ಎಂಬ ಕುಶಲಪ್ರಶ್ನೆಯ ಶಬ್ದಾರ್ಥ "ಎಲ್ಲಿದ್ದೀ?" ಎಂದು, "ಇದ್ದೇನೆ" ಎಂಬರ್ಥದ "ಕೆ ತೆಂಗ್" ಅದಕ್ಕೆ ಉತ್ತರ. ಹೌದು ಎನ್ನುವಾಗಲೂ ಬರಿಯ "ಏ" ಒರಟಾಗಿ ಕೇಳುತ್ತದೆ, ನಾವು "ರೀ" ಬಿಟ್ಟು ಮಾತಾಡಿದಂತೆ; "ಏ ರ್ರಾ" ಎನ್ನಬೇಕು. ಹಣ ಕೊಡುವಾಗ ಬಲಗೈ ಚಾಚಿ, ಎಡಗೈಯಿಂದ ಆ ಮುಂಗೈಯನ್ನು ಮುಟ್ಟಿಕೊಳ್ಳುವುದು ಮರ್ಯಾದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ.

ಉಚ್ಚಾರದಲ್ಲಿ ನಮಗೊಂದು ಅನುಕೂಲವಿದೆ. ರೋಮನ್ ಲಿಪಿಯ ಬರಹದಲ್ಲಿ ಪಿ, ಟಿ, ಕೆಗಳ ನಂತರ ಎಚ್ ಬಂದರೆ ಅದು ನಮ್ಮ ಮಹಾಪ್ರಾಣವೇ. ಫಕಲಾನೆ ಬಡಾವಣೆಯ ಹೆಸರನ್ನು "ಕಫ"ದ ಫಕಾರದಿಂದ ಆರಂಭಿಸಿ. ತುಟಿ ಕಚ್ಚುವ ಇಂಗ್ಲಿಷ್ ಎಫ್ ಅಲ್ಲ. ಕಷ್ಟ ಕೊಡುವುದು ಜಿ ಅಕ್ಷರ: ಅದು ಗಂಟಲನ್ನು ಉಜ್ಜಿ ಬರುವ ಹಕಾರ, ಆದ್ದರಿಂದ ರಾಜಧಾನಿಯ ಹೆಸರು ಸ್ಥಳೀಯರ ಬಾಯಲ್ಲಿ "ಹಾಬೊರೋನೆ" ಎಂಬಂತೆ ಕೇಳುತ್ತದೆ. ಇನ್ನು ಸ್ವರದ ಏರಿಳಿತವನ್ನು ಬರಹದಲ್ಲಿ ಗುರುತಿಸುವುದೇ ಇಲ್ಲ. "ಬುವಾ" ಎಂಬ ಒಂದೇ ಕ್ರಿಯಾಪದ ಶ್ರುತಿ ಬದಲಾದರೆ "ಮಾತಾಡು" ಎಂದೂ ಆಗುತ್ತದೆ, "ಪ್ರಾಣಿಯ ಚರ್ಮ ಸುಲಿ" ಎಂದೂ ಆಗುತ್ತದೆ. ನಾನು ಇಂದಿಗೂ ಎಡವುವುದು ಇಲ್ಲಿಯೇ.

ವ್ಯಾಕರಣದ ಕೀಲಿ ಪದದ ತಲೆಯಲ್ಲಿದೆ. ನಾವು ಪ್ರತ್ಯಯವನ್ನು ಬಾಲಕ್ಕೆ ಸೇರಿಸಿದರೆ ಇವರು ತಲೆಗೆ ಸೇರಿಸುತ್ತಾರೆ: ಒಬ್ಬನಾದರೆ ಮೊಟ್ಸ್ವಾನಾ, ಜನ ಬಟ್ಸ್ವಾನಾ, ದೇಶ ಬೋಟ್ಸ್ವಾನಾ, ನುಡಿ ಸೆಟ್ಸ್ವಾನಾ. ಅವನು, ಅವಳು ಎಂಬ ಭೇದವೂ ಇಲ್ಲ. ಎರಡಕ್ಕೂ "ಒ" ಸಾಕು.

ಈ ಭಾಷೆಯನ್ನಾಡುವವರು ಬೋಟ್ಸ್ವಾನಾಕ್ಕಿಂತ ದಕ್ಷಿಣ ಆಫ್ರಿಕಾದಲ್ಲೇ ಹೆಚ್ಚು. 2011ರ ಜನಗಣತಿಯಲ್ಲಿ ಅಲ್ಲಿ ಸುಮಾರು 40 ಲಕ್ಷ ಜನ ಇದನ್ನು ಮನೆಮಾತೆಂದು ಬರೆಸಿದ್ದರು. ಸೆರೋವೆಯ ಕಡೆ ಸೆಂಗ್ವಾಟೊ, ಮೊಲೆಪೊಲೊಲೆಯಲ್ಲಿ ಸೆಕ್ವೇನಾ, ಕಾನ್ಯೆಯಲ್ಲಿ ಸೆಂಗ್ವಕೆಟ್ಸೆ, ಗಡಿಯಾಚೆಯ ಮಾಹಿಕೆಂಗ್‌ನಲ್ಲಿ ಸೆರೊಲೊಂಗ್ ಎಂದು ಉಪಭಾಷೆಗಳಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತದೆ; ಧಾರವಾಡದವರೂ ಮೈಸೂರಿನವರೂ ಎದುರಾದಂತೆ. ದಕ್ಷಿಣ ಆಫ್ರಿಕಾದ ಕುರುಮಾನ್‌ನಲ್ಲಿ ನೆಲೆಸಿದ್ದ ಪಾದ್ರಿ ರಾಬರ್ಟ್ ಮೊಫಾಟ್ 1857ರಲ್ಲಿ ಪೂರ್ಣಗೊಳಿಸಿದ ಬೈಬಲ್ ಅನುವಾದ ಆ ಭಾಗದ ಸೆಟ್ಲಾಪಿಂಗ್ ಉಪಭಾಷೆಯನ್ನು ಆಧರಿಸಿತ್ತು. ಸೆರೊಲೊಂಗ್ ಆಡುತ್ತಿದ್ದ ಲೇಖಕ ಸಾಲ್ ಪ್ಲಾಟ್ಯೆ 1916ರಲ್ಲಿ ಗಾದೆಗಳ ಸಂಗ್ರಹವನ್ನು ಪ್ರಕಟಿಸಿದರು. ಮುಂದೆ ಷೇಕ್ಸ್‌ಪಿಯರನ ನಾಟಕಗಳನ್ನೂ ಈ ನುಡಿಗೆ ತಂದರು.

ಒಂದು ಎಚ್ಚರಿಕೆಯ ಮಾತು: ಎದುರಿಗಿರುವವರ ತಾಯ್ನುಡಿ ಸೆಟ್ಸ್ವಾನಾವೇ ಎಂದು ಭಾವಿಸಬೇಡಿ. ಫ್ರಾನ್ಸಿಸ್‌ಟೌನ್ ಕಡೆಯ ಕಲಾಂಗಾ ಜನರಿಗೂ, ಕಲಹರಿಯ ಸಾನ್ ಜನರಿಗೂ ತಮ್ಮದೇ ಭಾಷೆಗಳಿದ್ದು, ಶಾಲೆಯಲ್ಲಿ ಅವಕ್ಕೆ ಬಹುಕಾಲ ಸ್ಥಾನವಿರಲಿಲ್ಲ ಎಂಬ ನೋವು ಅವರಲ್ಲಿದೆ. ತುಳು, ಕೊಡವ ಭಾಷಿಕರ ಮನಸ್ಸನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆಯ ಘನತೆಯನ್ನು ಕಾಣಬೇಕಾದರೆ ಹಳ್ಳಿಯ "ಕ್ಗೊಟ್ಲಾ"ಕ್ಕೆ ಹೋಗಿ ಕುಳಿತುಕೊಳ್ಳಿ. ಅದು "ಕ್ಗೊಸಿ" ಎಂಬ ಮುಖ್ಯಸ್ಥನೆದುರು ಊರಿನವರು ಸೇರಿ ಮಾತಾಡುವ, ನ್ಯಾಯ ತೀರ್ಮಾನವಾಗುವ ಜಾಗ. ಗಂಡಸರು ಟೋಪಿ ತೆಗೆಯಬೇಕು, ಹೆಂಗಸರು ಪ್ಯಾಂಟಿನ ಬದಲು ಲಂಗ ಅಥವಾ ಉದ್ದನೆಯ ಉಡುಪು ತೊಡಬೇಕು. ಮಾತು ಮುಗಿಸಿದವರು "ಪುಲಾ!" ಎಂದು ಕೂಗುತ್ತಾರೆ. ಪುಲಾ ಎಂದರೆ ಮಳೆ. ಒಣನಾಡಿನ ಈ ಜನ 1976ರಲ್ಲಿ ತಮ್ಮ ನಾಣ್ಯಕ್ಕೂ ಅದೇ ಹೆಸರಿಟ್ಟರು. ಕ್ಗೊಟ್ಲಾದಲ್ಲಿ ಆ ಕೂಗು ಕೇಳಿದಾಗ ಸುಮ್ಮನೆ ಕೂರದೆ ಎಲ್ಲರೊಂದಿಗೆ ನೀವೂ "ಪುಲಾ!" ಎನ್ನಿ.