ಮಳೆಗೆ ಕೈ ಎಲ್ಲಿದೆ? ಕಿವಿ ಕೇಳಿಸದ ಮಕ್ಕಳಿಗೆ ನುಡಿಗಟ್ಟು ಕಲಿಸುವ ಬಗೆ

ಧಾರವಾಡದ ನಮ್ಮ ಸಂಡೇ ಸ್ಕೂಲಿನಲ್ಲಿ ಕಿವಿ ಕೇಳಿಸದ ಹುಡುಗನೊಬ್ಬ ಪತ್ರಿಕೆಯಲ್ಲಿ ‘ಕೈಕೊಟ್ಟ ಮುಂಗಾರು’ ಎಂಬ ಶೀರ್ಷಿಕೆ ಓದಿ ಚಿತ್ರ ಬಿಡಿಸಿದ. ಮೋಡದಿಂದ ಒಂದು ಕೈ ಇಳಿದು ರೈತನ ಕೈ ಕುಲುಕುತ್ತಿದೆ, ರೈತ ನಗುತ್ತಿದ್ದಾನೆ. ‘ಅಕ್ಕಾರ, ಇಷ್ಟ ವರ್ಷ ಸಾಲಿಗೆ ಹೋದ್ರೂ ಇವಂಗ ಏನೂ ತಿಳಿಯೂದಿಲ್ಲ ನೋಡ್ರಿ’ ಎಂದು ಅವನ ತಾಯಿ ಕಣ್ಣೊರೆಸಿಕೊಂಡರು. ಹುಡುಗ ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೇಳುವ ಮಕ್ಕಳಿಗೂ ಇಂಥ ಮಾತನ್ನು ಯಾರೂ ಕೂರಿಸಿಕೊಂಡು ಕಲಿಸಿರುವುದಿಲ್ಲ. ಕಟ್ಟೆಯ ಮೇಲೆ ಅಜ್ಜ ಬೈಯುವಾಗ, ಸಂತೆಯಲ್ಲಿ ಅವ್ವ ಚೌಕಾಸಿ ಮಾಡುವಾಗ ಕಿವಿಗೆ ಬಿದ್ದು ಬಂದಿರುತ್ತದೆ. ಆ ದಾರಿ ಈ ಮಕ್ಕಳಿಗೆ ಮುಚ್ಚಿದೆ, ಅಷ್ಟೇ.

ಆದ್ದರಿಂದ ಮೊದಲ ಪಾಠ ದೊಡ್ಡವರಿಗೆ. ‘ಪರಿಸಾಯರ ಹುಳಿಹಿಟ್ಟಿನ ವಿಷಯದಲ್ಲಿ ಎಚ್ಚರ’ ಎಂದು ಯೇಸುಸ್ವಾಮಿ ಆ ಪಂಥದವರ ಬೋಧನೆಯನ್ನು ಕುರಿತು ಹೇಳಿದಾಗ ಶಿಷ್ಯರು, ರೊಟ್ಟಿ ತರುವುದು ಮರೆತೆವಲ್ಲ ಎಂದು ಪೇಚಾಡಿದರು. ಹೊಸದಾಗಿ ಹುಟ್ಟಬೇಕು ಎಂದದ್ದಕ್ಕೆ ನಿಕೊದೇಮ, ಮುದುಕನಾದವನು ತಾಯಿಯ ಹೊಟ್ಟೆಗೆ ಮತ್ತೆ ಹೋಗುವುದು ಹೇಗೆ ಎಂದು ಕೇಳಿದ. ಸತ್ತುಹೋಗಿದ್ದ ಲಾಜರನನ್ನು ಕುರಿತು ನಿದ್ದೆ ಮಾಡುತ್ತಿದ್ದಾನೆ ಎಂದರೆ, ಹಾಗಾದರೆ ಹುಷಾರಾಗುತ್ತಾನೆ ಎಂದು ಶಿಷ್ಯರು ಅಂದುಕೊಂಡರು. ಇವರೆಲ್ಲ ಮಾತು ಕಿವಿಯಾರೆ ಕೇಳಿದವರೇ! ಈ ಮೂರು ಕತೆಗಳನ್ನು ಮಕ್ಕಳಿಗೆ ಮೊದಲೇ ಅಭಿನಯಿಸಿ ತೋರಿಸಿ. ಪೆದ್ದತನದ ಅಂಜಿಕೆ ಹೋಗುತ್ತದೆ.

ಎರಡನೆಯದು, ಆಯ್ಕೆ. ವಾರಕ್ಕೊಂದೇ ನುಡಿಗಟ್ಟು, ಅದೂ ಮಗುವಿನ ಮನೆಯಲ್ಲಿ ಓಡಾಡುವಂಥದ್ದು. ಪರೀಕ್ಷೆ ಗೈಡಿನ ನೂರು ನುಡಿಗಟ್ಟುಗಳ ಪಟ್ಟಿ ಬೇಡ. ಇಂಗ್ಲಿಷ್‌ನಿಂದ ಹಾಗೇ ಇಳಿಸಿದ ಸಂಡೇ ಸ್ಕೂಲ್ ಕಿಟ್‌ಗಳಂತೂ ಬೇಡವೇ ಬೇಡ. ಒಂದರಲ್ಲಿ ಬೆಕ್ಕು ನಾಯಿಗಳ ಮಳೆ ಸುರಿಯುತ್ತಿತ್ತು. ನಮ್ಮೂರಲ್ಲಿ ಅದನ್ನು ಯಾರು ಅಂದಾರು?

ಇನ್ನು ಎಲ್ಲರೂ ಎಡವುವ ಹಂತ. ‘ಕೈಕೊಡು ಅಂದ್ರ ಮೋಸ’ ಎಂದು ಬೋರ್ಡಿನ ಮೇಲೆ ಬರೆದು ಮುಗಿಸಿಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮರುವಾರ ಒಬ್ಬಳು ‘ಅಂಗಡಿಯವನು ತೂಕದಲ್ಲಿ ಕೈಕೊಟ್ಟ’ ಎಂದು ಬರೆದು ತಂದಳು. ಅರ್ಥ ಕೊಟ್ಟಿದ್ದೆ, ಸಂದರ್ಭ ಕೊಟ್ಟಿರಲಿಲ್ಲ.

ಈಗ ಯೇಸುವಿನ ಶಿಷ್ಯ ಪೇತ್ರನನ್ನು ಹಿಡಿದುಕೊಂಡು ಹೋಗುತ್ತೇನೆ. ನೆಲಕ್ಕೆ ನೀಲಿ ಚಾದರ ಹಾಸಿದರೆ ಸಮುದ್ರ, ಬೆಂಚು ದೋಣಿ. ಪೇತ್ರ ಮುಳುಗುತ್ತಾನೆ, ಸ್ವಾಮಿ ಕೈಚಾಚಿ ಹಿಡಿಯುತ್ತಾರೆ (ಬೈಬಲ್, ಮತ್ತಾಯ 14). ಇಲ್ಲಿ ಕೈ ನಿಜವಾದ ಕೈ. ಆಮೇಲೆ ಮನೆಯ ಮಾತು: ಫೀಸಿಗೆ ದುಡ್ಡಿಲ್ಲದಾಗ ಸೋದರಮಾವ ಕಟ್ಟಿದ, ‘ಮಾವ ಕೈಹಿಡಿದ’. ಮಾವ ಯಾರ ಕೈ ಮುಟ್ಟಿದ ಎಂದು ಕೇಳಿ. ಮಕ್ಕಳು ಯೋಚಿಸಲಿ, ನೀವು ಬಾಯಿ ಹಾಕಬೇಡಿ. ಕೈ ಮಾಯವಾಗಿ ನೆರವು ಉಳಿಯಿತು ಎಂಬುದು ಅವರಿಗೇ ಹೊಳೆಯಬೇಕು.

ನಂತರ ಅದೇ ಪೇತ್ರ, ಸ್ವಾಮಿಯನ್ನು ಹಿಡಿದು ತಂದ ಮಹಾಯಾಜಕನ ಅಂಗಳ. ಎಂದೂ ಬಿಡುವುದಿಲ್ಲ ಎಂದು ಊಟದ ರಾತ್ರಿ ಮಾತು ಕೊಟ್ಟದ್ದನ್ನು ಮೊದಲು ಆಡಿಸಿ. ಇದನ್ನು ಬಿಟ್ಟರೆ ಪಾಠವೇ ಬಿತ್ತು. ಆಮೇಲೆ ಬೆಂಕಿ, ದಾಸಿ, ಮೂರು ಸಲ ‘ಅವನನ್ನು ನಾನರಿಯೆ’. ಕೋಳಿ ಕೂಗಿದ್ದು ಈ ಮಕ್ಕಳಿಗೆ ಕೇಳಿಸದು. ಕತ್ತು ಎತ್ತಿ, ರೆಕ್ಕೆ ಬಡಿದು ತೋರಿಸಬೇಕು. ಪೇತ್ರ ಯಾರಿಗೆ ಕೈ ಕೊಟ್ಟ? ಯಾರಿಗೂ ಇಲ್ಲ. ನಂಬಿದವರಿಗೆ ಬೇಕಾದ ಹೊತ್ತಲ್ಲಿ ಒದಗಲಿಲ್ಲ. ಮೊದಲು ನಂಬಿಕೆ, ಆಮೇಲೆ ಇಲ್ಲದಿರುವಿಕೆ, ಈ ಎರಡೂ ಸೇರಿದರೆ ಮಾತ್ರ ‘ಕೈಕೊಡು’. ಈಗ ಮಳೆಯನ್ನು ತನ್ನಿ: ರೈತ ನಂಬಿ ಬಿತ್ತಿದ, ಅದು ಬರಲಿಲ್ಲ. ಹಿಟ್ಟು ರುಬ್ಬುವಾಗ ಕರೆಂಟು ಹೋಯಿತು. ಅಂಗಡಿಯವನ ತೂಕ ಯಾಕೆ ಇದರಲ್ಲಿ ಸೇರದು ಎಂಬುದು ಆ ಹುಡುಗಿಗೇ ಹೊಳೆದು, ತನ್ನ ವಾಕ್ಯವನ್ನು ತಾನೇ ಅಳಿಸಿದಳು.

ಯೇಸುವಿನ ಸಾವಿಗೆ ತಾನು ಹೊಣೆಯಲ್ಲ ಎಂದು ಅಧಿಪತಿ ಪಿಲಾತ ಕೈ ತೊಳೆದುಕೊಂಡದ್ದೂ (ಮತ್ತಾಯ 27) ಒಳ್ಳೆಯ ಪಾಠವೇ. ಆದರೆ ‘ಕೈತೊಳೆದುಕೊಂಡು ಬೆನ್ನುಹತ್ತಿದ’ ಎಂಬುದು ಹೆಚ್ಚುಕಡಿಮೆ ಅದಕ್ಕೆ ತಿರುಗಾಮುರುಗಾ. ಎರಡನ್ನೂ ಒಂದೇ ತಿಂಗಳಲ್ಲಿ ಮುಟ್ಟಬೇಡಿ.

ತುಟಿ ನೋಡಿ ತಿಳಿದುಕೊಳ್ಳಲಿ ಎಂದು ಬಿಡುವುದು ಇನ್ನೊಂದು ಅಡ್ಡದಾರಿ. ಪ, ಬ, ಮ ತುಟಿಯ ಮೇಲೆ ಒಂದೇ ಥರ. ನೀವು ಮಳೆ ಅಂದರೆ ಮಗುವಿಗೆ ಬಳೆಯೂ ಆದೀತು, ಮುಂದೆ ಕೈ ಬೇರೆ ಬಂತು! ಬರೆದು ತೋರಿಸಿ. ಸನ್ನೆಯಲ್ಲೂ ‘ಕೈ’, ‘ಕೊಡು’ ಎಂದು ಬಿಡಿಬಿಡಿಯಾಗಿ ಮಾಡಿದರೆ ಮೋಡದ ಕೈಯೇ ಮತ್ತೆ ಇಳಿಯುತ್ತದೆ. ಬರಹದಲ್ಲಿ ನುಡಿಗಟ್ಟು, ಸನ್ನೆಯಲ್ಲಿ ಅದರ ಅರ್ಥ. ದೆಹಲಿಯ ಭಾರತೀಯ ಸನ್ನೆ ಭಾಷಾ ಕೇಂದ್ರ 2021ರಲ್ಲಿ 10,000 ಪದಗಳ ನಿಘಂಟು ಹೊರತಂದಿದೆ. ಬಳಸಿ, ಆದರೆ ಊರಿನ ಕಿವುಡ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಕಿವುಡನನ್ನು ಗುಣಪಡಿಸಿದ ಕತೆಯನ್ನು (ಮಾರ್ಕ 7) ಮೊದಲ ವಾರವೇ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ‘ನನಗ್ಯಾಕ ಆಗಲಿಲ್ಲ’ ಎಂದು ಮಗು ಕೇಳುತ್ತದೆ. ಆ ಕತೆ ಶಿಕ್ಷಕರು ಓದಬೇಕಾದ್ದು: ಸ್ವಾಮಿ ಅವನನ್ನು ಗುಂಪಿನಿಂದ ಆಚೆ ಕರೆದೊಯ್ದರು, ಕಿವಿಯಲ್ಲಿ ಬೆರಳಿಟ್ಟರು, ನಾಲಿಗೆ ಮುಟ್ಟಿದರು, ಆಕಾಶ ನೋಡಿದರು. ಎಲ್ಲವೂ ಕಣ್ಣಿಗೆ ಕಾಣುವಂತೆ, ಮೈಗೆ ತಾಗುವಂತೆ. ನಾವೋ ಕಿಟಕಿಗೆ ಬೆನ್ನು ಹಾಕಿ ನಿಂತು, ಮುಖ ಕತ್ತಲಾಗಿಸಿಕೊಂಡು, ಬೋರ್ಡಿನ ಕಡೆ ತಿರುಗಿ ಮಾತಾಡುತ್ತೇವೆ.

ಕಲಿತದ್ದಕ್ಕೆ ಒಂದು ನೋಟ್‌ಬುಕ್ ಇರಲಿ: ಎಡಕ್ಕೆ ತಮಾಷೆಯ ಚಿತ್ರ, ಬಲಕ್ಕೆ ನಿಜದ ಚಿತ್ರ, ಕೆಳಗೆ ಸ್ವಂತ ವಾಕ್ಯ. ನಮ್ಮ ಮಕ್ಕಳು ಅದಕ್ಕೆ ‘ಕಿಟೆಲ್ ಪುಸ್ತಕ’ ಅನ್ನುತ್ತಾರೆ. ಧಾರವಾಡದಲ್ಲೂ ಇದ್ದ ಆ ಪಾದ್ರಿ, ತಮ್ಮದಲ್ಲದ ಭಾಷೆಯನ್ನು ಕಲಿತು 1894ರ ನಿಘಂಟಿನಲ್ಲಿ ಗಾದೆಗಳನ್ನೂ ಸೇರಿಸಿದ್ದರೆಂದು ಹೇಳಿದ್ದೆ. ‘ತಿಳೀತೇನು?’ ಎಂದು ಮಾತ್ರ ಕೇಳಬೇಡಿ. ಎಲ್ಲರೂ ತಲೆಯಾಡಿಸುತ್ತಾರೆ. ವಾಕ್ಯ ನೋಡಿ.

ಮೋಡದ ಕೈ ಬಿಡಿಸಿದ ಹುಡುಗನ ಪುಸ್ತಕ ಮೊನ್ನೆ ತೆರೆದೆ. ನನಗೆ ಜ್ವರ ಬಂದು ಒಂದು ರವಿವಾರ ಹೋಗಿರಲಿಲ್ಲ. ಖಾಲಿ ಕುರ್ಚಿಯ ಚಿತ್ರದ ಕೆಳಗೆ ಬರೆದಿದ್ದ: ‘ಪ್ರತಿ ವಾರ ಬರುತ್ತೇನೆ ಎಂದಿದ್ದ ಅಕ್ಕಾರು ಕೈಕೊಟ್ಟರು.’