ಶಾಲೆಯ ನೀರಿಗೆ ಲೆಕ್ಕದ ಪುಸ್ತಕ ಇಡುವುದು ಹೇಗೆ?

ಜೂನ್ 5, ವಿಶ್ವ ಪರಿಸರ ದಿನ ಬಂತೆಂದರೆ ಶಾಲೆಗಳಲ್ಲಿ ಗುಂಡಿ ತೋಡುವ ಸಡಗರ. ಹೋದ ವರ್ಷದ ಸಸಿ ಒಣಗಿದ ಗುಂಡಿಗೇ ಈ ವರ್ಷದ ಸಸಿಯನ್ನು ಇಳಿಸುವುದೂ ಉಂಟು. ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಪಠ್ಯ ಬಂತು, ಇಕೋ ಕ್ಲಬ್ ಬಂತು. ಏಪ್ರಿಲ್ ತಿಂಗಳಲ್ಲಿ ಆ ಸಸಿಗೆ ನೀರು ಎಲ್ಲಿಂದ ಎಂಬ ಪ್ರಶ್ನೆ ಮಾತ್ರ ಬರಲಿಲ್ಲ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಕಲಿಕೆ ಆ ಪ್ರಶ್ನೆಯಿಂದಲೇ ಶುರುವಾಗಲಿ. ಬೇಕಾದದ್ದು ನೀರಿನ ಜಮೆ, ಖರ್ಚು ಬರೆದಿಡಲು ಇನ್ನೂರು ಪುಟದ ಒಂದು ನೋಟ್‌ಪುಸ್ತಕ, ಅಳತೆ ಟೇಪು, ಬಕೆಟ್ಟು ಮತ್ತು ಆರೇಳು ಕುತೂಹಲದ ಮಕ್ಕಳು.

ಮಳೆಯ ಜಮೆ

ಮಳೆಮಾಪಕವನ್ನು ನೀವೇ ಮಾಡಿಕೊಳ್ಳಬಹುದು. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ, ತಲೆಕೆಳಗಾಗಿ ಆಲಿಕೆಯಂತೆ ಅದರೊಳಗೇ ಇಡಿ. ತಳ ಸಮವಾಗಿರುವುದಿಲ್ಲವಾದ್ದರಿಂದ ಒಂದಿಷ್ಟು ಸಿಮೆಂಟ್ ಸುರಿದು ಮಟ್ಟ ಮಾಡಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಗೋಡೆ ಅಥವಾ ಮರ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿ ಮಳೆಮಾಪಕವನ್ನು ನಿಲ್ಲಿಸಬೇಕು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ, ನೀವೂ ದಿನಕ್ಕೊಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕವೂ ಇರುತ್ತದೆ. ಅದರ ಅಂಕಿಯ ಜೊತೆ ನಿಮ್ಮದನ್ನು ಹೋಲಿಸುವುದು ಮಕ್ಕಳಿಗೆ ಒಳ್ಳೆಯ ಜಗಳದ ವಿಷಯ.

ಇಲ್ಲೊಂದು ತೊಡಕಿದೆ. ನಮ್ಮ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಸರಾ ರಜೆ ಬರುವುದೂ ಆಗಲೇ. ಶಾಲೆಯ ಪಕ್ಕದಲ್ಲೇ ಮನೆಯಿರುವ ಮಗುವಿಗೆ ರಜೆಯ ಜವಾಬ್ದಾರಿ ಒಪ್ಪಿಸದಿದ್ದರೆ ವರ್ಷದ ಅತಿ ದೊಡ್ಡ ಜಮೆಯೇ ಪುಸ್ತಕದಿಂದ ತಪ್ಪಿಹೋಗುತ್ತದೆ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇಡೀ ಲೆಕ್ಕ ನಿಂತಿರುವುದು ಈ ಒಂದು ಸೂತ್ರದ ಮೇಲೆ. ಚಾವಣಿ 20 ಮೀಟರ್ ಉದ್ದ, 6 ಮೀಟರ್ ಅಗಲ ಎನ್ನೋಣ: 120 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಹಿಡಿದರೆ 84 ಸಾವಿರ ಲೀಟರ್. ಸೋರಿಕೆ, ಆವಿ ಎಂದು ಐದನೇ ಒಂದು ಭಾಗ ಕಳೆದರೂ 67 ಸಾವಿರಕ್ಕೆ ಮೋಸವಿಲ್ಲ. ಹೆಂಚಿನ ಮಾಡಾದರೆ ಇಳಿಜಾರನ್ನು ಅಳೆಯಬೇಡಿ. ಸೂರಿನ ಅಂಚಿನಿಂದ ಅಂಚಿಗೆ ನೆಲದ ಮೇಲೆ ಅಳೆಯಿರಿ.

ಖರ್ಚು

ಬಿಸಿಯೂಟದ ಅಡುಗೆಗೆ, ತಟ್ಟೆ ಮತ್ತು ಹಾಲಿನ ಲೋಟ ತೊಳೆಯಲು, ಶೌಚಾಲಯಕ್ಕೆ ಎಷ್ಟೆಷ್ಟು ಬಕೆಟ್ ನೀರು ಹೋಗುತ್ತದೆಂದು ಒಂದು ವಾರ ಎಣಿಸಿ. ಅಡುಗೆಯವರನ್ನು ಕೇಳಿದರೆ ಅರ್ಧ ಲೆಕ್ಕ ಅಲ್ಲೇ ಸಿಗುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಲೀಟರ್ ಬಾಟಲಿ ಇಟ್ಟು ಗಡಿಯಾರ ನೋಡಲಿ: ಅರ್ಧ ಗಂಟೆಗೆ ತುಂಬಿದರೆ ದಿನಕ್ಕೆ 48 ಲೀಟರ್ ಹೋಯಿತು. ಕೆಲವೇ ರೂಪಾಯಿಯ ವಾಷರ್ ಸಾಕು, ಅದಕ್ಕೆ ಅರ್ಜಿ ಬೇಡ.

ನೀರಿನ ಗುಣ

ಇದನ್ನು ಬಿಡುವಂತಿಲ್ಲ. ಕೊಳವೆಬಾವಿ ಆಳಕ್ಕೆ ಇಳಿದಿರುವ ಈ ಭಾಗದಲ್ಲಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹಳೆಯ ಪಿಡುಗು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಾಢವಾಗುತ್ತದೆ. ಜಲ ಜೀವನ್ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಯ ತರಬೇತಿ ನೀಡಲಾಗಿದೆ. ಅವರನ್ನು ತರಗತಿಗೆ ಕರೆಸಿ ಮಕ್ಕಳೆದುರೇ ಪರೀಕ್ಷೆ ಮಾಡಿಸಿ, ಅಂಕಿ ಹೆಚ್ಚಿದ್ದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂಬಷ್ಟು ಕಡಿಮೆ. ಹಾಗಾಗಿ ಚಾವಣಿಯ ನೀರು ತೋಟಕ್ಕಿಂತ ಮೊದಲು ಅಡುಗೆಮನೆಗೆ ಸಲ್ಲಬೇಕು ಎಂಬುದು ನನ್ನ ವಾದ. ಮೊದಲ ಮಳೆಯ ಕೊಳೆಯನ್ನು ಹೊರಬಿಡುವ ಕವಾಟ, ಶೋಧಕ, ಬೆಳಕು ಬೀಳದ ತೊಟ್ಟಿ, ಸೊಳ್ಳೆ ನುಗ್ಗದ ಜಾಲರಿ ಇರಲೇಬೇಕು. ಬಳಸುವ ಮುನ್ನ ನೀರನ್ನು ಕುದಿಸಬೇಕು. ಆಸ್‌ಬೆಸ್ಟಾಸ್ ಶೀಟಿನ ನೀರನ್ನು ಅಡುಗೆಗೆ ಬಳಸಬೇಡಿ.

ಒಂದು ಶನಿವಾರ ಕೆರೆಗೂ ಹೋಗಿ ಬನ್ನಿ. ಊರಲ್ಲಿ ಕೆರೆಯ ನೀರು ಹಂಚುತ್ತಿದ್ದ ಹಳೆಯ ನೀರುಗಂಟಿ ಮನೆತನದವರಿದ್ದರೆ ತೂಬು, ಕೋಡಿ, ಅಚ್ಚುಕಟ್ಟಿನ ಕಥೆ ಅವರ ಬಾಯಿಂದಲೇ ಬರಲಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದೆ. ಆದ್ದರಿಂದ ಕೆರೆ ತುಂಬಿದೆ ಎಂದಷ್ಟೇ ಬರೆದರೆ ಸಾಲದು, ಯಾವ ನೀರಿನಿಂದ ಎಂಬುದನ್ನೂ ಬರೆಯಬೇಕು.

ಪಂಚಾಯಿತಿಗೆ

ಮಕ್ಕಳ ಗ್ರಾಮಸಭೆಯಲ್ಲಿ ‘ನಮ್ಮ ಶಾಲೆಗೆ ನೀರು ಕೊಡಿ’ ಎಂದರೆ ‘ಆಗಲಿ ಮಗು’ ಎಂಬ ಉತ್ತರ ಬಂದು, ಚಪ್ಪಾಳೆಯೊಂದಿಗೆ ಮಾತು ಮುಗಿಯುತ್ತದೆ. ಅದರ ಬದಲು ಪುಸ್ತಕ ತೆರೆದು ‘ದಿನಕ್ಕೆ ಇಷ್ಟು ಲೀಟರ್ ಬೇಕು, ಇಷ್ಟು ಬರುತ್ತಿದೆ, ಚಾವಣಿಯಿಂದ ಇಷ್ಟು ಸಿಗಬಹುದು, ಫ್ಲೋರೈಡ್ ಇಷ್ಟಿದೆ, ಇಷ್ಟು ಸಾವಿರ ಲೀಟರಿನ ತೊಟ್ಟಿ ಬೇಕು’ ಎಂದು ಓದಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಸಹಿಯೊಂದಿಗೆ ಅದೇ ಬೇಡಿಕೆಯನ್ನು ಬರಹದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಟ್ಟು, ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಕೇಳಿ. ಸ್ವೀಕೃತಿ ಪಡೆಯದೆ ಏಳಬೇಡಿ. ಸಭೆಯ ನಡಾವಳಿಯ ಪ್ರತಿ ಪಡೆದು ಲೆಕ್ಕದ ಪುಸ್ತಕಕ್ಕೇ ಅಂಟಿಸಿ. ಮುಂದಿನ ವರ್ಷದ ಸಭೆಯಲ್ಲಿ ಮೊದಲು ಓದಬೇಕಾದದ್ದು ಆ ಪುಟವನ್ನು.