ಹೊಳೆ ಹಿಡಿದು ಹೊರಟ ನಾಲ್ಕು ದಿನ

ಕುಮಟಾದಿಂದ ಸ್ವಂತ ಕಾರಿನಲ್ಲಿ ಟೂರ್ ಮಾಡಿಸಲು ಶುರು ಮಾಡಿದಾಗ ನನ್ನ ಹತ್ತಿರ ಒಂದು ಉದ್ದದ ಪಟ್ಟಿ ಇತ್ತು. ಗೋಕರ್ಣ, ಯಾಣ, ಜೋಗ, ಬನವಾಸಿ, ಸಹಸ್ರಲಿಂಗ, ಇಡಗುಂಜಿ, ಮುರ್ಡೇಶ್ವರ, ಇನ್ನೂ ಏನೇನೋ. ಎರಡೇ ದಿನದಲ್ಲಿ ಎಲ್ಲ ತೋರಿಸಿಬಿಡುತ್ತಿದ್ದೆ. ತೋರಿಸುತ್ತಿದ್ದೆ ಅನ್ನೋದಕ್ಕಿಂತ ಮುಟ್ಟಿಸುತ್ತಿದ್ದೆ ಅನ್ನಬೇಕು. ಒಮ್ಮೆ ಗೇರುಸೊಪ್ಪೆ ಘಟ್ಟದ ತಿರುವಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಮೂರು ಸಲ ವಾಂತಿ ಮಾಡಿಕೊಂಡಳು. ಕೊನೆಗೆ ಜೋಗದಲ್ಲಿ ಅವಳು ಕಣ್ಣೇ ಬಿಡಲಿಲ್ಲ. ಅಪ್ಪ ಪಾಪ, ಎತ್ತಿಕೊಂಡೇ ಫೋಟೋ ತೆಗೆಸಿಕೊಂಡರು. ಅವತ್ತು ರಾತ್ರಿ ಕಾರು ತೊಳೆಯುತ್ತಾ ಪಟ್ಟಿ ಹರಿದು ಹಾಕಿದೆ.

ಈಗ ನಾನು ಹಿಡಿಯೋದು ಹೊಳೆಯನ್ನು. ಅಘನಾಶಿನಿ ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕಾಡಿನಲ್ಲಿ ಇಳಿದು, ನಮ್ಮ ತದಡಿಯ ಪಕ್ಕ ಸಮುದ್ರ ಸೇರುತ್ತದೆ. ಮಧ್ಯೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಮೊದಲು ಅದರ ಬಾಯಿ ನೋಡಿ, ಆಮೇಲೆ ಘಟ್ಟ ಹತ್ತಿ ಅದು ಬೀಳೋದನ್ನು ನೋಡಿ, ಶರಾವತಿಯ ಜೊತೆ ಮತ್ತೆ ಕರಾವಳಿಗೆ ಇಳಿಯೋದು. ನಾಲ್ಕು ದಿನ. ದಿನಕ್ಕೆ 120 ಕಿ.ಮೀ. ದಾಟಬಾರದು ಅನ್ನೋದು ನಾನೇ ಹಾಕಿಕೊಂಡ ಕಟ್ಟು.

ಹೋದ ಅಕ್ಟೋಬರ್ ಕೊನೆಗೆ ಬೆಂಗಳೂರಿನಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಒಂಬತ್ತು ವರ್ಷದ ಹುಡುಗ, ಮಂಡಿನೋವಿನ ಅಜ್ಜಿ. ಅಕ್ಟೋಬರ್ ಕೊನೆ ಅಂದರೆ ನನಗೆ ಇಷ್ಟ. ಮಳೆ ಬಿಟ್ಟಿರುತ್ತದೆ, ಹಳ್ಳ ಬತ್ತಿರುವುದಿಲ್ಲ, ಸಮುದ್ರವೂ ಸ್ವಲ್ಪ ಸಮಾಧಾನಕ್ಕೆ ಬಂದಿರುತ್ತದೆ. ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಮಾತ್ರ ಇನ್ನೂ ಇರುತ್ತವೆ. ಒಂದು ಡಬ್ಬಿ ಉಪ್ಪು ಯಾವಾಗಲೂ ಕಾರಿನಲ್ಲಿ ಇಟ್ಟುಕೊಂಡಿರುತ್ತೇನೆ.

ಬೆಳಗಿನ ರೈಲಿಗೆ ಕುಮಟಾದಲ್ಲಿ ಇಳಿದರು. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದವರನ್ನು ನೇರ ದೇವಸ್ಥಾನದ ಕ್ಯೂನಲ್ಲಿ ನಿಲ್ಲಿಸಬಾರದು. ತಿಂಡಿ ಮಾಡಿಸಿ ಮಿರ್ಜಾನ್ ಕೋಟೆಗೆ ಕರೆದುಕೊಂಡು ಹೋದೆ. ಚಿರೇಕಲ್ಲಿನ ಗೋಡೆ, ಮಳೆಗೆ ಮೇಲೆಲ್ಲ ಹಸಿರು ಹುಲ್ಲು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಮೇಲಿನ ಕಾಳುಮೆಣಸು ಈ ಹೊಳೆಯ ದಾರಿಯಲ್ಲೇ ಹಡಗಿಗೆ ಹೋಗುತ್ತಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಇಷ್ಟು ಹೇಳಿ ಸುಮ್ಮನಾದೆ. ಹುಡುಗ ಕೇಳಿದ, "ಅಂಕಲ್, ಮೆಣಸು ಎಲ್ಲಿ?" ನಾಳೆ ತೋಟದಲ್ಲಿ ತೋರಿಸುತ್ತೇನೆ ಅಂದೆ. ಒಂದು ಪ್ರಶ್ನೆಯನ್ನು ಹಾಗೇ ಬಾಕಿ ಉಳಿಸಿದರೆ ಮಕ್ಕಳು ಮಾರನೇ ದಿನ ತಾವಾಗಿ ಎದ್ದು ರೆಡಿಯಾಗುತ್ತಾರೆ.

ಆಮೇಲೆ ತದಡಿ. ಮೊದಲ ದಿನ ಎಷ್ಟು ಗಂಟೆಗೆ ಎಲ್ಲಿರಬೇಕು ಅನ್ನೋದನ್ನು ನಾನು ತೀರ್ಮಾನ ಮಾಡುವುದಿಲ್ಲ, ಇಳಿತ ಮಾಡುತ್ತದೆ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಿಂದಿನ ದಿನ ದೋಣಿಯವರಿಗೆ ಒಂದು ಫೋನ್ ಮಾಡಿದರೆ ಆಯಿತು, ಯಾವ ಆ್ಯಪ್ಪೂ ಬೇಡ. ನೀರು ಇಳಿದಾಗ ಹೋದರೆ ಜನ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪು, ಆರಿಸುವುದು ಕಾಣುತ್ತದೆ. ಕೈಯಲ್ಲಿ ತಡಕಿ, ಕೆಸರು ತೊಳೆದು, ಬುಟ್ಟಿಗೆ. ಉಬ್ಬರದಲ್ಲಿ ಹೋದರೆ ಅದೇ ಜಾಗ ಬರೀ ಅಗಲದ ನೀರು. ಆಚೆ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ, ಆದರೆ ಉಪ್ಪು ತೆಗೆಯೋದು ಬೇಸಿಗೆಯಲ್ಲಿ. ಅಕ್ಟೋಬರಿನಲ್ಲಿ ನೋಡಲು ಏನಿಲ್ಲ, ಹಾಗಾಗಿ ನಿಲ್ಲಿಸಲಿಲ್ಲ.

ಗೋಕರ್ಣದಲ್ಲಿ ನನ್ನದೇ ತಪ್ಪು ಒಂದಾಯಿತು. ಬೀಚಿನ ಪಕ್ಕದ ಒಂದು ಕಡೆ ರೂಮ್ ಹೇಳಿಟ್ಟಿದ್ದೆ. ಸಮುದ್ರ ಕಾಣುತ್ತದಾ ಅಂತ ಕೇಳಿದ್ದೆ, ಕಾಣುತ್ತದೆ ಅಂದಿದ್ದರು. ಕಾಣುತ್ತಿತ್ತು, ನಿಜ. ಆದರೆ ಕಾರು ನಿಲ್ಲಿಸಿದ ಜಾಗದಿಂದ ರೂಮಿಗೆ ಗುಡ್ಡ ಇಳಿಯಬೇಕು, ಮೆಟ್ಟಿಲು 80ರ ಹತ್ತಿರ. ಅಜ್ಜಿ ಮೇಲೆ ನಿಂತು ಕೆಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಏನಪ್ಪಾ, ಇಳಿದರೆ ಮತ್ತೆ ಹತ್ತಿಸೋದು ಯಾರು?" ಕೊಟ್ಟ ಅಡ್ವಾನ್ಸ್ ಬಿಟ್ಟು ಊರೊಳಗೆ ನೆಲಮಹಡಿಯ ರೂಮ್ ಹುಡುಕಿದೆ. ಆ ದುಡ್ಡು ನನ್ನ ಕೈಯಿಂದ ಹೋಯಿತು, ಹೋಗಲೇಬೇಕಿತ್ತು. ಈಗ ರೂಮಿನವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಎಷ್ಟು ಮೆಟ್ಟಿಲು ಅಂತ. ಎರಡನೇದು, ಬಚ್ಚಲಿನಲ್ಲಿ ಜಾರುತ್ತದಾ ಅಂತ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ.

ಎರಡನೇ ದಿನ ಬೇಗ ಹೊರಟೆವು, ಯಾಣಕ್ಕೆ. ಎಂಟು ಗಂಟೆಯೊಳಗೆ ಅಲ್ಲಿದ್ದರೆ ಕಾಡು ನಿಮ್ಮದೇ. ಹತ್ತರ ಮೇಲೆ ಬಸ್ಸುಗಳು ಬರುತ್ತವೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಸುಣ್ಣದಕಲ್ಲು. ಆದರೆ ಎತ್ತರ ಹೇಳಿದರೆ ಯಾರಿಗೂ ಏನೂ ಅನಿಸುವುದಿಲ್ಲ, ಬುಡದಲ್ಲಿ ನಿಂತು ಕುತ್ತಿಗೆ ಎತ್ತಿದಾಗಲೇ ಗೊತ್ತಾಗೋದು. ಬಂಡೆಯ ಮೇಲೆ ಹೆಜ್ಜೇನು ಕಟ್ಟಿರುತ್ತವೆ, ಕೂಗಾಡಬೇಡಿ ಅಂತ ಮೊದಲೇ ಹೇಳುತ್ತೇನೆ. ಅಜ್ಜಿ ಅರ್ಧ ದಾರಿಯವರೆಗೆ ಬಂದು ಕಲ್ಲಿನ ಮೇಲೆ ಕೂತರು. ನಾನೂ ಅವರ ಜೊತೆ ಕೂತೆ. ಉಳಿದವರಿಗೆ ದಾರಿ ಒಂದೇ, ತಪ್ಪುವುದಿಲ್ಲ. ಗೈಡ್ ಅಂದರೆ ಮುಂದೆ ಮುಂದೆ ನಡೆಯಬೇಕು ಅಂತೇನಿಲ್ಲ, ಯಾರು ಹಿಂದೆ ಉಳಿದರೋ ಅವರ ಹತ್ತಿರ ಇರಬೇಕು.

ಅಲ್ಲಿಂದ ಶಿರಸಿ. ದೇವಿಮನೆ ಘಟ್ಟದ ದಾರಿಗೆ ಹೊರಡುವ ಮೊದಲು ಆ ರೂಟಿನ ಡ್ರೈವರ್ ಒಬ್ಬರಿಗೆ ಫೋನ್ ಮಾಡುವುದು ನನಗೆ ಅಭ್ಯಾಸ. ಮಳೆಗೆ ಗುಡ್ಡ ಜರಿದೋ, ರಸ್ತೆ ಕೆಲಸಕ್ಕೋ ಸಂಚಾರ ನಿಲ್ಲಿಸಿದ್ದುಂಟು. ಮ್ಯಾಪ್ ನಂಬಿ ಕೂತರೆ ವಾಪಸ್ ಬರಬೇಕು.

ಶಿರಸಿಯ ಹತ್ತಿರ ಒಂದು ತೋಟದ ಮನೆಯಲ್ಲಿ ಉಳಿದೆವು. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಹುಡುಗನಿಗೆ ತೋರಿಸಿದೆ. ಹಸಿ ಕಾಳು ಒಂದನ್ನು ಕಿತ್ತು ಕಚ್ಚಿದ. ಮುಖ ಕೆಂಪಾಯಿತು, ಉಗುಳಲಿಲ್ಲ. "ಇದಕ್ಕಾ ಕೋಟೆ ಕಟ್ಟಿದ್ದು?" ಅಂದ. ರಾತ್ರಿ ಊಟಕ್ಕೆ ತಂಬುಳಿ, ಅಪ್ಪೆಹುಳಿ, ತುಪ್ಪ ಹಾಕಿದ ತೊಡದೇವು. ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸಿ ತಿನ್ನೋದಕ್ಕಿಂತ ಕೊನೆಗೆ ಲೋಟದಲ್ಲಿ ಕುಡಿಯಬೇಕು. ಅಜ್ಜಿ ಮೂರು ಲೋಟ ಕುಡಿದರು, ಮಂಡಿನೋವಿನ ಸುದ್ದಿಯೇ ಇಲ್ಲ.

ಮೂರನೇ ದಿನ ಉಂಚಳ್ಳಿ. ಅಘನಾಶಿನಿ ಇಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. ಸುತ್ತಲಿನವರು ಇದಕ್ಕೆ ಕೆಪ್ಪ ಜೋಗ ಅನ್ನುತ್ತಾರೆ. ಹತ್ತಿರ ಹೋದರೆ ಆ ಸದ್ದಿಗೆ ಬೇರೆ ಏನೂ ಕೇಳಿಸುವುದಿಲ್ಲ, ಅದಕ್ಕೆ. ಜಲಪಾತ ಕಾಣುವ ಜಾಗಕ್ಕೆ ಇಳಿದು ಹೋಗಬೇಕು. ಅಜ್ಜಿ ಬರುವುದಿಲ್ಲ ಅಂದರು. ಒಂದು ತಿರುವಿನವರೆಗೆ ಮಾತ್ರ ಬನ್ನಿ ಅಂತ ಕೈಹಿಡಿದು ಕರೆದುಕೊಂಡು ಹೋದೆ. ಅಲ್ಲಿಂದ ನೀರು ಕಾಣುವುದಿಲ್ಲ. ಕೂರಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಇದು ಮೊನ್ನೆ ಬುಟ್ಟಿ ಹಿಡಿದು ನಿಂತಿದ್ದರಲ್ಲ, ಅದೇ ಹೊಳೆನಾ?" ಅಂತ ಕೇಳಿದರು. ಹೌದಮ್ಮ, ಅದೇ. ಇಷ್ಟು ಗಲಾಟೆ ಮಾಡಿದ್ದು ಅಲ್ಲಿ ಅಷ್ಟು ಸುಮ್ಮನೆ ಹೇಗಿತ್ತು ಅಂತ ನಕ್ಕರು. ನಾನು ಹೊಳೆ ಹಿಡಿದು ಟೂರ್ ಮಾಡಿಸಲು ಶುರು ಮಾಡಿದ ಮೇಲೆ ಯಾರೂ ಕೇಳದ ಮಾತು ಅದು.

ಮಧ್ಯಾಹ್ನ ಜೋಗ. ಇಲ್ಲಿ ನಾನು ಮೊದಲೇ ಸತ್ಯ ಹೇಳಿಬಿಡುತ್ತೇನೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟಿದೆ, 1964ರಿಂದ. ಪೋಸ್ಟರಿನಲ್ಲಿ ಕಾಣುವ ಜೋಗ ಜೋರು ಮಳೆಯದ್ದು, ಮಳೆ ಬಿಟ್ಟ ಮೇಲೆ ನೀರು ಕಡಿಮೆ. ಮೊದಲೇ ಹೇಳಿದರೆ ಯಾರಿಗೂ ಬೇಜಾರಿಲ್ಲ. ಅವತ್ತು ನೀರಿಗಿಂತ ಮಂಜು ಜಾಸ್ತಿ ಇತ್ತು. 253 ಮೀಟರ್ ಕಣಿವೆ ಪೂರ್ತಿ ಬೆಳ್ಳಗೆ. ಪಕ್ಕದವರು ಬಂದರು, ಬಿಳಿ ಗೋಡೆಯ ಎದುರು ಸೆಲ್ಫಿ ತೆಗೆದುಕೊಂಡು ಹೋದರು. ನಾವು ಚಹಾ, ಬಿಸಿ ಜೋಳ ತಿನ್ನುತ್ತಾ 40 ನಿಮಿಷ ಕೂತೆವು. ಮಂಜು ಎದ್ದಿತು. ರಾಜಾ, ರಾಣಿ, ರೋರರ್, ರಾಕೆಟ್, ನಾಲ್ಕೂ ಎಳೆ ಕಂಡವು. ಆರು ನಿಮಿಷ ಇದ್ದಿರಬಹುದು, ಮತ್ತೆ ಮುಚ್ಚಿತು. ಆ 40 ನಿಮಿಷ ನಮ್ಮ ಕೈಯಲ್ಲಿ ಇದ್ದದ್ದು ಪಟ್ಟಿಯಲ್ಲಿ ಮುಂದಿನ ಜಾಗ ಇಲ್ಲದ್ದಕ್ಕೆ.

ಕೊನೆಯ ದಿನ ಬೆಳಕಿನಲ್ಲೇ ಗೇರುಸೊಪ್ಪೆ ಘಟ್ಟ ಇಳಿದೆವು. ಹೊನ್ನಾವರಕ್ಕೆ ಸುಮಾರು 60 ಕಿ.ಮೀ. ಹುಡುಗನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹೊಟ್ಟೆಗೆ ಎರಡೇ ಇಡ್ಲಿ. ವಾಂತಿ ಇಲ್ಲ. ಹೊನ್ನಾವರದ ಪಕ್ಕ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಮರದ ಕಾಲುದಾರಿ ಇದೆ, ಅಜ್ಜಿಗೂ ಆರಾಮಾಗಿ ನಡೆಯಬಹುದು. ಇಳಿತದ ಹೊತ್ತಿಗೆ ಹೋಗಿದ್ದೆವು. ಕೆಸರಿನಲ್ಲಿ ಏಡಿಗಳು ಬಿಲದಿಂದ ಇಣುಕಿ, ನಮ್ಮ ನೆರಳು ಬಿದ್ದ ತಕ್ಷಣ ಮಾಯ. ನಾವು ಅಲ್ಲಾಡದೆ ನಿಂತರೆ ಒಂದೊಂದೇ ಮತ್ತೆ ಹೊರಗೆ. ಹುಡುಗ ಒಂದು ಗಂಟೆ ಅಲ್ಲಿಂದ ಕದಲಲಿಲ್ಲ. ಮುರ್ಡೇಶ್ವರ ತಪ್ಪಿತು. ಹುಡುಗನ ಅಪ್ಪ, ನಮ್ಮ ಸರ್, ಕೇಳಿದರು, "ಹೋಗೋದು ಬೇಡ್ವಾ?" ಅವನನ್ನು ಎಬ್ಬಿಸೋದು ನೀವೇ ಅಂದೆ. ಅವರೂ ಕೂತರು.

ಸಂಜೆ ಹೊನ್ನಾವರ ಸ್ಟೇಷನ್. ರೈಲು ಹತ್ತಿಸುವಾಗ ಕತ್ತಲಾಗಿತ್ತು. ಹೊರಟ ಸ್ವಲ್ಪ ಹೊತ್ತಿಗೆ ಶರಾವತಿ ಸೇತುವೆ ಬರುತ್ತದೆ, ಎರಡು ಕಿ.ಮೀ.ಗೂ ಉದ್ದ, ಕೊಂಕಣ ರೈಲ್ವೆಯಲ್ಲಿ ಅತಿ ಉದ್ದದ್ದು, ಜೋಗದ ನೀರೇ ಕೆಳಗೆ ಹೋಗೋದು ಅಂತ ಹೇಳಿದೆ. "ಕತ್ತಲಲ್ಲಿ ಹೇಗೆ ಗೊತ್ತಾಗುತ್ತೆ ಅಂಕಲ್?" ಅಂದ ಹುಡುಗ. ಚಕ್ರದ ಸದ್ದು ಬದಲಾಗುತ್ತೆ, ಕಿಟಕಿಗೆ ಕಿವಿ ಇಡು ಅಂದೆ.

ನಾನು ಕಾರು ತಿರುಗಿಸಿ ಕುಮಟಾ ಕಡೆ ಹೊರಟಿದ್ದೆ. ಫೋನ್ ಟಿಣ್ ಅಂತು. ಸರ್ ಮೆಸೇಜು: "ಇವನು ನಿದ್ದೆ ಹೋದ. ಅಮ್ಮನಿಗೆ ಕೇಳಿಸ್ತಂತೆ."